ನಾಟಕದ ಕಟಕಟೆ ಕಾನೂನು ಕಲಿತದ್ದು

ನಾನೊಂದು ಕಟಕಟೆ. ಹೆಸರು ಕೇಳಿದ ಕೂಡಲೇ ನೀವು ಗಂಟಲು ಸರಿಮಾಡಿಕೊಂಡು ನೆಟ್ಟಗಾಗಿದ್ದರೆ, ದಯವಿಟ್ಟು ಆರಾಮಾಗಿ ಕೂತುಕೊಳ್ಳಿ. ನನ್ನೊಳಗೆ ನಿಂತ ಯಾರಿಗೂ ಇವತ್ತಿನ ತನಕ ಒಂದು ದಿನದ ಜೈಲೂ ಆಗಿಲ್ಲ. ಗಲ್ಲಿನ ಶಿಕ್ಷೆ ಮಾತ್ರ ಬಹಳ ಮಂದಿಗೆ ಆಗಿದೆ. ಆದರೆ ಅವರೆಲ್ಲ ಮರುದಿನ ಮೀಸೆ ಅಂಟಿಸಿಕೊಂಡು ಮತ್ತೆ ಬಂದು ನಿಂತಿದ್ದಾರೆ. ನಾನು ಹುಟ್ಟಿದ್ದು ಕೋರ್ಟಿಗಲ್ಲ, ನಾಟಕ ಕಂಪನಿಗೆ.

ನನ್ನನ್ನು ಮಾಡಿದವನು ಗದಗಿನ ಮೌನೇಶಪ್ಪ ಬಡಿಗೇರ. ಹಲಗೆ ಮಾವಿನದು, ಬಣ್ಣ ಸಾಗುವಾನಿಯದು. ಮೂರು ಮಗ್ಗಲು ಮುಗಿಸಿ ನಾಲ್ಕನೆಯದಕ್ಕೆ ಅವನು ಹಲಗೆ ಅಳೆಯುತ್ತಿದ್ದಾಗ ಕಂಪನಿ ಮಾಲೀಕರು ಕೈ ಹಿಡಿದರು. "ಮೌನೇಶಪ್ಪ, ಮಂದಿ ಕೂಡೂದು ಮುಂದ. ಹಿಂದಿನ ಮಗ್ಗಲಾ ಯಾರು ನೋಡ್ತಾರ? ಬಿಡು." ಹೀಗೆ ನಾನು ಬೆನ್ನಿಲ್ಲದೆ ಹುಟ್ಟಿದೆ. ಮುಂದಿನಿಂದ ನೋಡಿದರೆ ಹೈಕೋರ್ಟು, ಹಿಂದಿನಿಂದ ನೋಡಿದರೆ ದನದ ಗೋದಲಿ.

ಕಂಪನಿಯ ದಿನಗಳು ವೈಭವದ ದಿನಗಳು. ಯಾವ ನಾಟಕವಾದರೂ ಕೊನೆಯ ಅಂಕದಲ್ಲಿ ಕೋರ್ಟು ಇರಲೇಬೇಕು. ನಾಯಕ ನನ್ನೊಳಗೆ ನಿಂತು "ಮಹಾಸ್ವಾಮಿ!" ಎಂದು ನನ್ನ ತಲೆಗೆ ಗುದ್ದಿದರೆ ಹಿಂದಿನ ಸಾಲಿನವರು ಸಿಳ್ಳೆ ಹೊಡೆಯುತ್ತಿದ್ದರು. ಆ ಸಿಳ್ಳೆ ಅವನಿಗಲ್ಲ, ನನಗೆ ಎಂದೇ ನಾನು ಬಹಳ ವರ್ಷ ನಂಬಿದ್ದೆ. ಆಮೇಲೆ ಮನೆಮನೆಗೆ ಟಿ.ವಿ. ಬಂತು, ಡೇರೆಯೊಳಗೆ ಕುರ್ಚಿಗಳೇ ಪ್ರೇಕ್ಷಕರಾದವು. ಮಾಲೀಕರು ಪರದೆಗಳನ್ನು ಒಬ್ಬರಿಗೆ, ಕಿರೀಟಗಳನ್ನು ಇನ್ನೊಬ್ಬರಿಗೆ ಮಾರಿದರು. ನನ್ನನ್ನೂ ಪೌರಾಣಿಕ ನಾಟಕದ ಸಿಂಹಾಸನವನ್ನೂ ಧಾರವಾಡದ ಒಂದು ಕಾನೂನು ಕಾಲೇಜಿನ ಪ್ರಿನ್ಸಿಪಾಲರು ಜೋಡಿಯಾಗಿ ಕೊಂಡರು.

ಅವರಿಗೆ ನಾಟಕದ ಹುಚ್ಚಿರಲಿಲ್ಲ. ಮರುವಾರ ಕಾಲೇಜಿನ ತಪಾಸಣೆಗೆ ದೊಡ್ಡವರು ಬರುವವರಿದ್ದರು, ಅಣಕು ನ್ಯಾಯಾಲಯದ ಸಭಾಂಗಣ ಇದೆಯೆಂದು ಕಾಲೇಜು ಬರೆದುಕೊಟ್ಟಿತ್ತು, ಅಲ್ಲಿ ನೋಡಿದರೆ ಇದ್ದದ್ದು ಮುರಿದ ಬೆಂಚುಗಳ ಕೋಣೆ. ಸಿಂಹಾಸನದ ಸಿಂಹಗಳ ಬಾಯಿಗೆ ಹಸಿರು ಬಟ್ಟೆ ಸುತ್ತಿ ನ್ಯಾಯಾಧೀಶರ ಪೀಠ ಮಾಡಿದರು. ನನ್ನನ್ನು ಎಡಕ್ಕೆ, ಬೆನ್ನಿಲ್ಲದ ಮಗ್ಗಲು ಗೋಡೆಯ ಕಡೆ ಮಾಡಿ, ಒಬ್ಬರು ನುಸುಳುವಷ್ಟು ಸಂದಿ ಬಿಟ್ಟು ನಿಲ್ಲಿಸಿದರು. ತಪಾಸಣೆಗೆ ಬಂದವರು ನನ್ನನ್ನು ತಟ್ಟಿ ನೋಡಿ "ಹಳೇ ಕಾಲದ ಸಾಗುವಾನಿ, ಈಗೆಲ್ಲಿ ಸಿಗ್ತದೆ!" ಎಂದರು. ಅಭಿನಯ ನನಗೆ ಹೊಸದಲ್ಲವಲ್ಲ, ಸುಮ್ಮನೆ ನಿಂತೆ.

ಅಲ್ಲಿಂದ ನನ್ನ ಕಾನೂನು ವಿದ್ಯಾಭ್ಯಾಸ ಶುರುವಾಯಿತು. ನನ್ನ ಗುರುಗಳು ಹಂಚಿನಮನಿ ಸರ್. ಅರ್ಧ ಆಯುಷ್ಯ ಕೋರ್ಟಿನಲ್ಲಿ ವಕೀಲಿ ಮಾಡಿ, ಗಂಟಲು ಕೆಟ್ಟ ಮೇಲೆ ಪಾಠಕ್ಕೆ ಬಂದವರು. ಗಂಟಲು ಕೆಟ್ಟದ್ದು ಅವರ ಮಾತು, ನಮಗೆ ಮಾತ್ರ ಅವರ ದನಿ ಕ್ಯಾಂಟೀನಿನ ತನಕ ಕೇಳುತ್ತಿತ್ತು. ಅವರು ಕಲಿಸಿದ್ದು ಸಾಕ್ಷ್ಯ ಕಾಯಿದೆ. ಅದರಲ್ಲೂ ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನೆ ಕೇಳಿ ಕೇಳಿ ಹಣ್ಣು ಮಾಡುವ ವಿದ್ಯೆ, ಅವರಿಗೆ ಪ್ರಾಣ.

"ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬ್ಯಾಡ್ರಿ," ಎಂದು ಪ್ರತಿ ವರ್ಷ ಹೇಳುತ್ತಿದ್ದರು. "ಸಾಕ್ಷಿ ನಿಮ್ಮ ದಾರಿಗೆ ಬಂದಾನ ಅಂದ್ರ ಸುಮ್ನ ಕೂಡ್ರಿ. 'ಯಾಕ' ಅಂತ ಮಾತ್ರ ಕೇಳಬ್ಯಾಡ್ರಿ. ನಾ ಒಮ್ಮೆ ಕೇಳಿ ನನ್ನ ಕಕ್ಷಿದಾರನ್ನ ಜೈಲಿಗೆ ಕಳಿಸೀನಿ."

ಕಾನೂನು ಓದುವ ಹುಡುಗರನ್ನು ನನ್ನಷ್ಟು ಹತ್ತಿರದಿಂದ ಕಂಡವರು ಇರಲಿಕ್ಕಿಲ್ಲ. ಹೊರಗೆ ಹುಲಿಗಳಂತೆ ಓಡಾಡುವವರ ಅಂಗೈ ನನ್ನ ಕಂಬಿ ಹಿಡಿದಾಗ ಬೆವರುತ್ತದೆ. ಒಬ್ಬನಿಗೆ ಇಂಗ್ಲಿಷಿನ ಭಯ. "ಮೈ ಲಾರ್ಡ್" ತನಕ ರಥದಂತೆ ಬಂದು ಮುಂದಿನ ವಾಕ್ಯಕ್ಕೆ ಗಾಲಿ ಕಳಚುತ್ತಿತ್ತು. ಇನ್ನೊಬ್ಬನಿಗೆ ಹಿಂದಿನ ಸೆಮಿಸ್ಟರಿನ ಬಾಕಿ ಪೇಪರುಗಳ ಚಿಂತೆ, ಮತ್ತೊಬ್ಬಳಿಗೆ ಇಂಟರ್ನ್‌ಶಿಪ್ಪಿನಲ್ಲಿ ವಕೀಲರು ಬರೀ ಜೆರಾಕ್ಸ್ ಮಾಡಿಸಿದರೆಂಬ ದುಃಖ. ಕರಿ ಕೋಟು ಇಡೀ ಹಾಸ್ಟೆಲಿಗೆ ಒಂದೇ ಇತ್ತು. ಅದು ದಪ್ಪನೆಯವನಿಗೆ ಹೊಲಿಸಿದ್ದರಿಂದ ತೆಳ್ಳಗಿನವರು ಅದರೊಳಗೆ ಬಾಡಿಗೆಗೆ ಇದ್ದಂತೆ ಕಾಣುತ್ತಿದ್ದರು. ಒಮ್ಮೆಯಂತೂ ಆರೋಪಿಯ ಪಾತ್ರದ ಹುಡುಗ ಪ್ರಶ್ನೆ ತಾಳಲಾರದೆ, ನನ್ನ ಹಿಂದಿನ ಸಂದಿಯಲ್ಲಿ ನುಸುಳಿ ಓಡಿಹೋದ. ಮರುದಿನದಿಂದ ಅವನು ಎಂ.ಬಿ.ಎ. ಅರ್ಜಿ ತುಂಬಲು ಶುರುಮಾಡಿದನೆಂದು ಕೇಳಿದೆ.

ಇವೆಲ್ಲ ಸಣ್ಣ ಚಿಂತೆಗಳು. ದೊಡ್ಡ ಚಿಂತೆ ಒಂದೇ: ಮುಗಿದ ಮೇಲೆ ಏನು? ಅದಕ್ಕಾಗಿಯೇ ಆ ಕಾಲೇಜಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಹೆಸರು 'ಕೊನೆಯ ಸಾಕ್ಷಿ'. ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಎಲ್ಲರೂ ಸಭಾಂಗಣಕ್ಕೆ ಬರಬೇಕು. ಒಬ್ಬೊಬ್ಬರಾಗಿ ನನ್ನೊಳಗೆ ನಿಂತು, ಎಲ್ಲರೂ ಹೆದರುವ ದಪ್ಪ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೇಲೆ ಕೈಯಿಟ್ಟು, ಮುಂದೆ ಏನು ಮಾಡುತ್ತೇನೆಂದು ನಿಜ ಹೇಳಬೇಕು. ಗೆಳೆಯರು ಪಾಟೀಸವಾಲು ಮಾಡುತ್ತಾರೆ. ಸಿಂಹಾಸನದ ಮೇಲೆ ಹಂಚಿನಮನಿ ಸರ್.

ನೀಲಾಂಬಿಕಾ ಮೆಣಸಿನಕಾಯಿ ಎಂಬ ಹುಡುಗಿ ಬಂದದ್ದು ನನ್ನ ನಡುವಯಸ್ಸಿನಲ್ಲಿ. ನವಲಗುಂದದ ಕಡೆಯ ಹಳ್ಳಿಯವಳು, ಎಲ್ಲರಿಗೂ ನೀಲಾ. ಅಡ್ಡಹೆಸರಿಗೆ ತಕ್ಕ ನಾಲಿಗೆ. ಪಾಟೀಸವಾಲಿಗೆ ಅವಳು ಎದ್ದಳೆಂದರೆ ನನ್ನೊಳಗಿನ ಸಾಕ್ಷಿ ಮೊದಲು ನನ್ನ ಹಿಂದಿನ ಸಂದಿ ಎಲ್ಲಿದೆಯೆಂದು ನೋಡಿಟ್ಟುಕೊಳ್ಳುತ್ತಿದ್ದ. ಮೆಲ್ಲಗೆ, ನಗುನಗುತ್ತ ಕೇಳುವಳು. ಸಾಕ್ಷಿಗೆ ತಾನು ಮುಳುಗಿದ್ದು ಗೊತ್ತಾಗುವಾಗ ನೀರು ಮೂಗಿಗೆ ಬಂದಿರುತ್ತಿತ್ತು. "ಇಕಿ ಕೋರ್ಟಿಗೇ ಹುಟ್ಟಿದಾಕಿ," ಎಂದು ಸರ್ ಹೇಳಿದಾಗಲೆಲ್ಲ ಆ ಹುಡುಗಿ ಮುಖ ತಗ್ಗಿಸುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ. ನಾಚಿಕೆಯಲ್ಲ, ಸಂಕಟ. ಅದನ್ನು ಅವಳು ಒಂದು ಮಧ್ಯಾಹ್ನ ನನಗೆ ಒರಗಿಕೊಂಡು ಗೆಳೆಯ ಇರ್ಫಾನನಿಗೆ ಹೇಳಿದಳು.

"ನಮ್ಮಪ್ಪ ನನ್ನ ಕಾನೂನು ಓದಿಸಿದ್ದು ಯಾತಕ ಗೊತ್ತೈತೇನು? ನಮ್ಮ ದೊಡ್ಡಪ್ಪನ ಮ್ಯಾಲೆ ಕೇಸು ನಡಸಾಕ."

ಅವಳ ಅಪ್ಪ ಹಿಟ್ಟಿನ ಗಿರಣಿಯ ಮಲ್ಲೇಶಪ್ಪ. ಅಣ್ಣನ ಮನೆ ಪಕ್ಕದ್ದೇ. ಅಣ್ಣನ ಬಚ್ಚಲ ನೀರು ತಮ್ಮನ ಅಂಗಳಕ್ಕೆ ಹರಿಯುತ್ತದೆ ಎಂದು ಶುರುವಾದ ಕೇಸು ನೀಲಾ ಶಾಲೆಗೆ ಸೇರಿದ ವರ್ಷದಿಂದ ತಾಲೂಕು ಕೋರ್ಟಿನಲ್ಲಿ ತೆವಳುತ್ತಿತ್ತು. ಈಗ ಅಪ್ಪನ ವಕೀಲರು ವಯಸ್ಸಾಗಿ ಕೆಲಸ ಬಿಡುವವರಿದ್ದರು. ಮಗಳು ಸನ್ನದು ಮಾಡಿಸಿ ವಕೀಲಳಾಗಿ ಆ ವಕಾಲತ್ತನ್ನು ಹಿಡಿಯಬೇಕು, ಇದು ಅಪ್ಪನ ಆಸೆ.

"ಮಂದಿ ವಕೀಲರು ಕೊಲಿ ಕೇಸಿನಿಂದ ಶುರು ಮಾಡ್ತಾರ, ನಾ ಬಚ್ಚಲದಿಂದ ಶುರು ಮಾಡಲೇನು? ಅದೂ ನನ್ನ ಎತ್ತಿ ಆಡಿಸಿದ ದೊಡ್ಡಪ್ಪನ ಎದುರು?"

ಇರ್ಫಾನ್ ಕೇಳಿದ, "ಮತ್ತೇನ್ ಮಾಡ್ತೀ?"

"ಮಂಗಳೂರಾಗ ಬ್ಯಾಂಕಿನ ಕಾನೂನು ವಿಭಾಗದಾಗ ಕೆಲಸಾ ಸಿಕ್ಕೈತಿ. ಅಪ್ಪಗ ಹೇಳಿಲ್ಲ. ಕೋರ್ಟು ಅಂದ್ರ ನನಗ ಎಷ್ಟ ಇಷ್ಟ ಅನ್ನೂದು ನಿನಗ ಗೊತ್ತೈತಿ. ಆದ್ರ ಕೋರ್ಟಿಗೆ ಹೋದ್ರ ಅಪ್ಪನ ಕೇಸು ತಪ್ಪೂದಿಲ್ಲ. ಅದಕ್ಕ ಕೋರ್ಟನ್ನ ಬಿಡಾಕತ್ತೇನಿ."

ನನಗೆ ಸಿಟ್ಟು ಬಂತು. ಇಂಥ ನಾಲಿಗೆಯನ್ನು ಬ್ಯಾಂಕಿನಲ್ಲಿಟ್ಟು ಸಾಲದ ಕಾಗದಕ್ಕೆ ಸಹಿ ಹಾಕಿಸುವುದೆಂದರೆ ನಾಯಕಿಯ ಪಾತ್ರದವಳನ್ನು ಟಿಕೆಟ್ ಹರಿಯಲು ಕೂರಿಸಿದಂತೆ. ಆದರೆ ಕಟಕಟೆಯ ಮಾತು ಕೇಳುವವರು ಯಾರು?

ಆ ವರ್ಷದ ಕೊನೆಯ ಸಾಕ್ಷಿಯ ಮಧ್ಯಾಹ್ನ ಬಂತು. ಮೊದಲು ಒಬ್ಬ ಹುಡುಗ ಹೆಸರಾಂತ ವಕೀಲರ ಕೈಕೆಳಗೆ ಸೇರುತ್ತೇನೆಂದು ಎದೆಯುಬ್ಬಿಸಿದ.

"ಅವರು ನಿನಗ ಏನ್ ಕೊಡ್ತಾರ?" ಎಂದು ನೀಲಾ ಕೇಳಿದಳು.

"ಫೈಲು ಕೊಡ್ತಾರ."

"ಫೈಲು ತಗೊಂಡು ಏನ್ ಮಾಡ್ತೀ?"

"ಕಾರಿನ ತನಕಾ ಹೊರತೇನಿ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಇನ್ನೊಬ್ಬಳು ಮನೆಯವರು ಮದುವೆಗೆ ಅವಸರ ಮಾಡುತ್ತಿದ್ದಾರೆಂದೂ, ವರ ಯಾರಾದರೂ ಆಗಲಿ, ವಕೀಲ ಮಾತ್ರ ಬೇಡವೆಂದು ತಾನು ಕಟ್ಟಪ್ಪಣೆ ಮಾಡಿದ್ದೇನೆಂದೂ ಹೇಳಿದಳು. ಮುಂದಿನ ಸಾಲಿನ ನಾಲ್ಕಾರು ಹುಡುಗರ ಮುಖ ಸಪ್ಪಗಾಯಿತು. ಇರ್ಫಾನ್ ಮಾತ್ರ ಸಂಹಿತೆಯ ಮೇಲೆ ಕೈಯಿಟ್ಟು "ನನಗ ಗೊತ್ತಿಲ್ರಿ ಸರ್" ಎಂದು ಇಳಿದುಬಿಟ್ಟ. ಅಂದು ಅತ್ಯಂತ ನಿಜ ಹೇಳಿದವನು ಅವನೇ ಇರಬೇಕು.

ನೀಲಾಳ ಸರದಿ ಬಂದಾಗ ಬಾಗಿಲಲ್ಲಿ ಬಿಳಿ ಅಂಗಿ, ಗಾಂಧಿ ಟೊಪ್ಪಿಗೆಯ ಒಬ್ಬ ಮನುಷ್ಯ ನಿಂತಿದ್ದ. ಹುಬ್ಬಿನ ಮೇಲೆ ತೊಳೆದರೂ ಹೋಗದ ಹಿಟ್ಟಿನ ಬಿಳುಪು. ಮಗಳ ಟ್ರಂಕು ಒಯ್ಯಲು ಬಂದ ಮಲ್ಲೇಶಪ್ಪ ಅವನು.

"ಯವ್ವಾ, ಮುಗೀತೇನು? ಬಸ್ಸು ಹೋಗಿಬಿಡ್ತೈತಿ." ಅಷ್ಟರಲ್ಲಿ ಅವನ ಕಣ್ಣು ನನ್ನ ಮೇಲೆ ಬಿತ್ತು. ಹಳೆಯ ಗೆಳೆಯನನ್ನು ಸಂತೆಯಲ್ಲಿ ಕಂಡಂತೆ ಮುಖ ಅರಳಿತು. "ಎಲಾ! ಕಟಕಟಿ!"

ಇರ್ಫಾನನಿಗೆ ಅದೇನು ಹೊಳೆಯಿತೋ, ಎದ್ದು ನಿಂತ. "ಸರ್, ಸಾಕ್ಷಿ ತಾನಾಗಿ ಬಂದಾನ. ಮೊದಲು ಇವರ ವಿಚಾರಣೆ ಆಗಲಿ."

ನೀಲಾ ಕಣ್ಣಲ್ಲೇ ಅವನನ್ನು ಸುಟ್ಟಳು. ಸರ್ ಅವಳ ಮುಖವನ್ನೂ ಮುದುಕನ ಮುಖವನ್ನೂ ನೋಡಿ, "ಬರ್ರಿ ಯಜಮಾನ್ರ, ನಿಂದರ್ರಿ," ಎಂದರು. ಮಲ್ಲೇಶಪ್ಪ ಟೊಪ್ಪಿಗೆ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ನನ್ನೊಳಗೆ ಬಂದು ನಿಂತ. ಅವನಂಥ ಸಾಕ್ಷಿ ನನ್ನೊಳಗೆ ಅದಕ್ಕೆ ಮುಂಚೆಯೂ ನಿಂತಿರಲಿಲ್ಲ, ಆಮೇಲೂ ನಿಲ್ಲಲಿಲ್ಲ. ಅಂಗೈ ಒಣಗಿತ್ತು. ಕಂಬಿಯ ಮೇಲೆ ಮೊಳಕೈ ಇಟ್ಟುಕೊಂಡು ಸ್ವಂತ ಮನೆಯ ಕಟ್ಟೆಯ ಮೇಲೆ ಇದ್ದಂತೆ ಇದ್ದ.

ಮೂರ್ನಾಲ್ಕು ಹುಡುಗರು ಒಂದು ಕೈ ನೋಡಿದರು. ಯಾರು ಏನು ಕೇಳಿದರೂ ಮೂರೇ ಉತ್ತರ: "ನೆನಪಿಲ್ರಿ," "ಇರಬಹುದ್ರಿ," "ನಮ್ಮ ವಕೀಲರನ್ನ ಕೇಳಬೇಕ್ರಿ." ಒಬ್ಬ ಬೇಸತ್ತು, "ನಿಮ್ಮ ಹೆಸರಾದ್ರೂ ನೆನಪೈತೇನ್ರಿ?" ಎಂದ. ಮಲ್ಲೇಶಪ್ಪ ಸ್ವಲ್ಪ ಯೋಚಿಸಿ, "ಕಾಗದದಾಗ ಏನೈತಿ ನೋಡ್ರಿ, ಅದ ಖರೇ," ಎಂದ. ಹುಡುಗರು ಚಪ್ಪಾಳೆ ತಟ್ಟಿದರು. ಮಗಳು ತಟ್ಟಲಿಲ್ಲ. ಎದ್ದು ನಿಂತಳು.

ಅವಳ ಲೆಕ್ಕಾಚಾರ ನನಗೆ ತಿಳಿಯಿತು. ಕೇಸಿನಲ್ಲಿ ಹುರುಳಿಲ್ಲವೆಂದು ಅಪ್ಪನ ಬಾಯಿಂದಲೇ, ಎಲ್ಲರೆದುರು ಹೇಳಿಸಿಬಿಟ್ಟರೆ ಆಮೇಲೆ ವಕಾಲತ್ತಿನ ಮಾತೇ ಎತ್ತುವಂತಿಲ್ಲ. ಬ್ಯಾಂಕಿನ ಸುದ್ದಿ ಹೇಳಿ ಮಂಗಳೂರು ಬಸ್ಸು ಹತ್ತಬಹುದು.

"ಸಾಕ್ಷಿದಾರರ, ನೀವು ಕೇಸು ಹಾಕಿದ್ದು ನಿಮ್ಮ ಅಣ್ಣನ ಬಚ್ಚಲ ನೀರಿನ ಸಲುವಾಗಿ. ಹೌದೋ ಅಲ್ಲೋ?"

"ಅಪ್ಪಗ 'ನೀವು' ಅಂತಾಳ್ರಿ," ಎಂದ ಮಲ್ಲೇಶಪ್ಪ ಸರ್ ಕಡೆ ತಿರುಗಿ, ಸಂತೋಷದಿಂದ. "ಹೌದವಾ, ಹೌದ್ರಿ."

"ಆ ಬಚ್ಚಲಾ ಈಗ ಎಲ್ಲೈತ್ರಿ?"

"ಅಣ್ಣ ಕೆಡವ್ಯಾನ್ರಿ. ಹೊಸಾದು ಆ ಕಡೆ ಕಟ್ಟಿಸ್ಯಾನ."

"ಅದರ ನೀರು?"

"ಪಂಚಾಯಿತಿ ಗಟಾರಕ್ಕ ಹೋಗ್ತೈತ್ರಿ."

"ಅಂದ್ರ ನಿಮ್ಮ ಅಂಗಳಕ್ಕ ಒಂದು ಹನಿ ನೀರೂ ಬರೂದಿಲ್ಲ."

"ಬರೂದಿಲ್ರಿ."

ಗೆದ್ದಾಯಿತು. ಕೇಸಿನ ಬುಡವೇ ಕಿತ್ತು ಕೈಗೆ ಬಂದಿತ್ತು. ಹಂಚಿನಮನಿ ಸರ್ ಸಿಂಹಾಸನದಿಂದ ಎರಡೂ ಕೈಯಿಂದ ಕೂತುಕೋ, ಕೂತುಕೋ ಎಂದು ಸನ್ನೆ ಮಾಡಿದರು. ನನಗೆ ಬಾಯಿದ್ದರೆ ನಾನೂ ಕೂಗುತ್ತಿದ್ದೆ. ಆದರೆ ಅವಳು ಆ ಹೊತ್ತಿಗೆ ವಕೀಲಳಾಗಿ ಉಳಿದಿರಲಿಲ್ಲ, ಮಗಳಾಗಿದ್ದಳು.

"ಮತ್ತ ಯಾಕಪ್ಪಾ? ಇಷ್ಟು ವರ್ಷ ಯಾಕ ನಡಸಾಕತ್ತೀ?"

ಸರ್ ಹಣೆ ಹಿಡಿದುಕೊಂಡರು. ಮಲ್ಲೇಶಪ್ಪ "ನೆನಪಿಲ್ರಿ" ಅನ್ನಲು ಬಾಯಿ ತೆರೆದ. ಕಂಬಿಯ ಮೇಲಿನ ಮೊಳಕೈ ಕೆಳಗಿಳಿಯಿತು, ಅಂಗೈ ಮೊದಲ ಸಲ ಬೆವರಿತು. ಅದು ನನಗೊಬ್ಬನಿಗೇ ಗೊತ್ತು.

"ಕೇಸು ಮುಗುದ್ರ ಅಣ್ಣನ್ನ ಎಲ್ಲಿ ನೋಡ್ಲೆವಾ?" ಎಂದ.

ಸಭೆಯನ್ನು ಮರೆತು ಮಗಳೊಬ್ಬಳಿಗೇ ಹೇಳತೊಡಗಿದ.

"ಜಗಳಾದ ದಿನ ಇಬ್ರೂ ಆಣಿ ಮಾಡೀವಿ. ನಿನ್ನ ಹೊಸ್ತಿಲಾ ನಾ ತುಳಿಯೂದಿಲ್ಲ, ನನ್ನ ಹೊಸ್ತಿಲಾ ನೀ ತುಳೀಬ್ಯಾಡ ಅಂತ. ಅವ್ವನ ಹೆಸರಿನ ಮ್ಯಾಲಿನ ಆಣಿ, ಮುರಿಯಾಕ ಬರೂದಿಲ್ಲ. ಮಗ್ಗಲ ಮನ್ಯಾಗ ಇದ್ರೂ ಮುಖಾ ನೋಡೂಹಂಗಿಲ್ಲ, ಊರಾಗ ಮಾತಾಡಿದ್ರ ಮಂದಿ ನಗತಾರ. ಆದ್ರ ಕೋರ್ಟಿನ ತಾರೀಖಿಗೆ ಇಬ್ರೂ ಹೋಗಬೇಕಲ್ಲ? ಊರಿಗೆ ಇರೂದು ಒಂದ ಬಸ್ಸು. ಅಂವ ಮುಂದ ಕೂಡ್ತಾನ, ನಾ ಹಿಂದ ಕೂಡ್ತೇನಿ. ಕೋರ್ಟಿನ ಮುಂದ ಒಂದ ಬಂಡ್ಯಾಗ ಮಿರ್ಚಿ ತಿಂತೀವಿ. 'ಬಿಪಿ ಗುಳಿಗಿ ತಗೊಂಡಾನೇನು?' ಅಂತ ಅಂವ ಬಂಡಿಯವನ್ನ ಕೇಳ್ತಾನ. 'ತಗೊಂಡೀನಿ ಅಂತ ಹೇಳು,' ಅಂತ ನಾನೂ ಬಂಡಿಯವಗ ಹೇಳ್ತೇನಿ. ಬ್ಯಾರೆ ವಕೀಲರನ್ನ ಹಿಡಿದ್ರ ಕಾಗದ ನೋಡಿದವರ ಮುಗಿಸಿಬಿಡ್ತಾರ. ನೀನಾದ್ರ ನನ್ನ ಮಾತು ಕೇಳ್ತೀ, ಲಗೂನ ಮುಗಸೂದಿಲ್ಲ ಅಂತ..."

ಅಷ್ಟು ಹೇಳಿ ಟೊಪ್ಪಿಗೆಯಿಂದ ಮುಖ ಒರೆಸಿಕೊಂಡ. ಸಿಂಹಾಸನದ ಮೇಲೆ ಹಂಚಿನಮನಿ ಸರ್ ಕನ್ನಡಕ ತೆಗೆದು ಎಷ್ಟೋ ಹೊತ್ತು ಒರೆಸಿದರು. ನಾಟಕ ಕಂಪನಿಯಲ್ಲಿ ಬೇಕಾದಷ್ಟು ಅಳು ನೋಡಿದವನು ನಾನು, ಗ್ಲಿಸರಿನ್ ಇಲ್ಲದ್ದು ಅದೇ ಮೊದಲು. ಒಳಗೆಲ್ಲೋ ನನ್ನ ಮೊಳೆ ಸಡಿಲಾಯಿತು.

"ನಿನ್ನ ಸಾಕ್ಷಿ ಬಾಕಿ ಐತಿ, ನೀಲಾ," ಎಂದ ಇರ್ಫಾನ್ ಮೆಲ್ಲಗೆ.

ಅಪ್ಪ ಇಳಿದ, ಮಗಳು ಹತ್ತಿದಳು. ದಪ್ಪ ಸಂಹಿತೆಯ ಮೇಲೆ ಕೈಯಿಟ್ಟಳು. ಬ್ಯಾಂಕಿನ ಮಾತು ತುದಿನಾಲಿಗೆಯಲ್ಲಿತ್ತು, ನನಗೆ ಗೊತ್ತು. ಅದು ಹೊರಗೆ ಬಂದರೆ ಮುದುಕನಿಗೆ ಅಣ್ಣನೂ ಹೋದ, ಮಗಳೂ ಹೋದಳು. ಬರದಿದ್ದರೆ ಅವಳ ವಕೀಲಿಯೆಲ್ಲ ಕೆಡವಿದ ಬಚ್ಚಲೊಂದರ ಕಾವಲಿಗೆ ಹೋಗುತ್ತದೆ.

"ಮಂಗಳೂರಿನ ಬ್ಯಾಂಕಿನಾಗ ಕೆಲಸಾ ಸಿಕ್ಕೈತಪ್ಪಾ," ಎಂದಳು. ಮಲ್ಲೇಶಪ್ಪನ ಮುಖ ಇಳಿಯಿತು. "ಅದಕ್ಕ ಹೋಗೂದಿಲ್ಲ. ಸನ್ನದು ಮಾಡಸ್ತೇನಿ." ಮುಖ ಏರಿತು. "ಆದ್ರ ನಿನ್ನ ಕೇಸು ಹಿಡಿಯೂದಿಲ್ಲ." ಮತ್ತೆ ಇಳಿಯಿತು.

"ದೊಡ್ಡಪ್ಪನ ಕೇಸು ಹಿಡೀತೇನಿ."

ಸಭಾಂಗಣದಲ್ಲಿ ಗದ್ದಲವೋ ಗದ್ದಲ. ಹೆತ್ತ ಮಗಳು ಎದುರು ಪಕ್ಷಕ್ಕೆ! ಸರ್ ಮೇಜು ಬಡಿದರು. ಮಲ್ಲೇಶಪ್ಪ ಕುರ್ಚಿ ಹಿಡಿದುಕೊಂಡು ಕೂತ. "ಯವ್ವಾ, ನನ್ನ ಮ್ಯಾಲೆ ನಿನಗ ಇಷ್ಟ ಸಿಟ್ಟೇನು?"

"ಪೂರಾ ಕೇಳಪ್ಪಾ. ಆಫೀಸಿಗೆ ಬಾಡಿಗಿ ಕೊಡಾಕ ನನ್ನ ಕಡೆ ರೊಕ್ಕಿಲ್ಲ. ನಮ್ಮ ಮನಿ ಪಡಸಾಲ್ಯಾಗ ಆಫೀಸು ಹಾಕ್ತೇನಿ. ಬಾಗಲಿಗೆ ಬೋರ್ಡು ಬರ್ತೈತಿ. ಕೇಸು ಮಾತಾಡಾಕ ಕಕ್ಷಿದಾರ ವಕೀಲರ ಹತ್ರ ಬರಬೇಕೋ ಬ್ಯಾಡೋ?"

"ಬರಬೇಕಲ್ಲ ಮತ್ತ..." ಎಂದ ಮಲ್ಲೇಶಪ್ಪ.

"ಅಂವ ತುಳಿಯೂದು ತಮ್ಮನ ಹೊಸ್ತಿಲಾ ಅಲ್ಲ, ವಕೀಲರ ಆಫೀಸಿನ ಹೊಸ್ತಿಲಾ. ಅಜ್ಜಿ ಆಣಿ ಹೆಂಗ ಮುರೀತೈತಿ?"

ಜೀವಮಾನವಿಡೀ ಕೋರ್ಟು ತುಳಿದ ಮಲ್ಲೇಶಪ್ಪನ ತಲೆ ಎಲ್ಲ ಸಂದಿಗಳನ್ನೂ ಒಂದೊಂದಾಗಿ ತಡಕಿ ನೋಡಿತು. ಕೊನೆಗೆ ಒಂದೇ ಆಕ್ಷೇಪಣೆ ಸಿಕ್ಕಿತು.

"ಅಂವಗ ಸಕ್ಕರಿ ಇಲ್ಲದ ಚಾ ಬೇಕು. ಯಾರ್ ಮಾಡವ್ರು?"

"ಎದುರು ಪಕ್ಷದವರು," ಎಂದಳು ನೀಲಾ.

ಹಂಚಿನಮನಿ ಸರ್ ಎದ್ದು ನಿಂತು ತೀರ್ಪು ಕೊಟ್ಟರು. ಈ ವಿದ್ಯಾರ್ಥಿನಿ ಪಾಟೀಸವಾಲಿನಲ್ಲಿ ಕೇಳಬಾರದ ಪ್ರಶ್ನೆ ಕೇಳಿದ್ದರಿಂದ ತಾವು ಸೊನ್ನೆ ಅಂಕ ಕೊಡುವುದಾಗಿಯೂ, ಮೊದಲ ಕೇಸಿಗೆ ತಮ್ಮ ಹಳೇ ಗೌನನ್ನು ಕೊಡುವುದಾಗಿಯೂ ಹೇಳಿ, ಮೂಗು ಒರೆಸಿಕೊಂಡು ಹೊರಟುಹೋದರು. ಅಪ್ಪ ಮಗಳು ಟ್ರಂಕಿನ ಎರಡು ಹಿಡಿ ಹಿಡಿದುಕೊಂಡು ಬಸ್ಸಿಗೆ ಓಡಿದರು.

ಆಮೇಲೆ ಎಷ್ಟೋ ಬ್ಯಾಚುಗಳು ಬಂದವು, ಹೋದವು. ಸರ್ ನಿವೃತ್ತರಾದರು. ಕಾಲೇಜಿಗೆ ಏಸಿ ಹಾಕಿದ ಹೊಸ ಸಭಾಂಗಣ ಬಂತು, ಅಲ್ಲಿ ಗಾಜಿನ ಕಟಕಟೆ. ಸಿಂಹಾಸನಕ್ಕೆ ಗೆದ್ದಲು ಹಿಡಿದು ಅದು ಬಚ್ಚಲ ಒಲೆಗೆ ಹೋಯಿತು. ನನ್ನನ್ನು ಕ್ಯಾಂಟೀನಿನ ಹಿಂದಿನ ಜಗಲಿಗೆ ತಂದು ಹಾಕಿದರು. ಈಗ ನನ್ನ ಕಂಬಿಗೆ ಹುಡುಗರು ಹೆಲ್ಮೆಟ್ಟು ನೇತುಹಾಕುತ್ತಾರೆ. ಬೇಸರವಿಲ್ಲ. ಅವರ ಮಾತು ಇಲ್ಲಿಗೂ ಕೇಳುತ್ತದೆ, ಚಿಂತೆಗಳು ಅವೇ: ಜಡ್ಜ್ ಪರೀಕ್ಷೆಯೋ, ಕಂಪನಿಯೋ, ಕೋರ್ಟೋ? ಯಾರ ಕೈಕೆಳಗೆ? ಮನೆಯಲ್ಲಿ ಏನು ಹೇಳುವುದು? ಒಂದು ಮಾತು ಹೇಳಬೇಕೆನಿಸುತ್ತದೆ. ಮಕ್ಕಳೇ, ಮನೆಯವರ ಆಸೆಗೆ ಹೆದರಿ ಓಡುವ ಮುಂಚೆ 'ಯಾಕೆ' ಎಂದು ಒಮ್ಮೆ ಕೇಳಿಬಿಡಿ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಹೋಗಲಿ.

ಮೊನ್ನೆ ಅಣಕು ನ್ಯಾಯಾಲಯದ ಸ್ಪರ್ಧೆಗೆ ತೀರ್ಪುಗಾರಳಾಗಿ ನೀಲಾ ಬಂದಿದ್ದಳು. ಕೂದಲಲ್ಲಿ ನಾಲ್ಕು ಬೆಳ್ಳಿ ಎಳೆ. ಮುಂದೇನೆಂದು ಗೊತ್ತಿಲ್ಲದ ಇರ್ಫಾನ್ ಈಗ ಅದೇ ಕಾಲೇಜಿನಲ್ಲಿ ಸಾಕ್ಷ್ಯ ಕಾಯಿದೆ ಕಲಿಸುತ್ತಾನೆ. ಇಬ್ಬರೂ ಚಹಾದ ಲೋಟ ನನ್ನ ಮೇಲಿಟ್ಟು ನಿಂತರು.

"ಖರೇ ಹೇಳು, ಆ ಕೇಸು ಏನಾತು?" ಎಂದು ಇರ್ಫಾನ್ ಕೇಳಿದ.

"ಎಂದೋ ರಾಜಿ ಆಗೈತಿ. ನಾನ ಅರ್ಜಿ ಬರದೆ, ಇಬ್ರೂ ಸಹಿ ಮಾಡಿದ್ರು."

"ಮತ್ತ ಈಗ ದೊಡ್ಡಪ್ಪ ಬರೂದಿಲ್ಲೇನು?"

"ದಿನಾ ಸಂಜೀಕ ಆಫೀಸಿಗೆ ಬರ್ತಾನ. ನನ್ನ ಕುರ್ಚಿ ಮ್ಯಾಲೆ ಅಂವ, ಕಕ್ಷಿದಾರರ ಕುರ್ಚಿ ಮ್ಯಾಲೆ ನಮ್ಮಪ್ಪ." ನೀಲಾಳಿಗೆ ನಗು ತಡೆಯಲಾಗಲಿಲ್ಲ, ಚಹಾ ತುಳುಕಿ ನನ್ನ ಮೇಲೆ ಬಿತ್ತು. "ನಿನ್ನಿ ನಾ ಖರೇ ಕಕ್ಷಿದಾರರನ್ನ ಕರಕೊಂಡು ಒಳಗ ಹೋದ್ರ ಇಬ್ರೂ ನನ್ನ ಮ್ಯಾಲೇ ಸಿಟ್ಟಾದ್ರು. 'ಸ್ವಲ್ಪ ಹೊರಗ ಕೂಡವಾ, ನಾವು ಮಾತಾಡಾಕತ್ತೀವಿ,' ಅಂದ್ರು."

"ನೀ ಏನಂದಿ?"

"ಹೊರಗ ಕೂತೆ," ಎಂದರು ವಕೀಲರು.